ಹೊಣೆಯಿಲ್ಲದ ಹಬ್ಬ

ಡಿಸೆಂಬರ್ ಬಂತೆಂದರೆ ಮಂಗಳೂರಿಗೆ ಚಳಿ ಬರುತ್ತದೆ ಎಂಬ ನಂಬಿಕೆಯೊಂದು ನಮ್ಮೂರಿನಲ್ಲಿ ಬಹಳ ಹಿಂದಿನಿಂದ ಉಂಟು. ಬೆಳಗಿನ ಜಾವ ಸ್ವಲ್ಪ ಹೊತ್ತು ಗಾಳಿ ತಣ್ಣಗಾಗುತ್ತದೆ. ಅಷ್ಟಕ್ಕೇ ಹಿರಿಯರು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಎಂಟು ಗಂಟೆಯ ಹೊತ್ತಿಗೆ ಅದೇ ಮಫ್ಲರು ಬೆವರು ಒರೆಸಲು ಒದಗುತ್ತದೆ. ಈ ಊರಿನಲ್ಲಿ ಹಿಮ ಬಿದ್ದದ್ದನ್ನು ಕಂಡವರಿಲ್ಲ. ಆದರೂ ಜೆಪ್ಪುವಿನ ನಮ್ಮ ಓಣಿಯಲ್ಲಿ ಪ್ರತಿ ವರ್ಷ ಡಿಸೆಂಬರ್ 20ರ ಸುಮಾರಿಗೆ ತಪ್ಪದೆ ಹಿಮ ಬೀಳುತ್ತಿತ್ತು. ಆಚೆಮನೆಯ ಪೊರ್ಬುಗಳು ಮೆಡಿಕಲ್ ಶಾಪಿನಿಂದ ಹತ್ತಿಯ ಸುರುಳಿ ತಂದು, ಮುಂಡು ಎತ್ತಿ ಕಟ್ಟಿ, ಬನಿಯನು ಬೆನ್ನಿಗೆ ಅಂಟುವಷ್ಟು ಬೆವರುತ್ತ, ಅದನ್ನು ಎಳೆ ಎಳೆಯಾಗಿ ಬಿಡಿಸಿ ಗೋದಲಿಯ ಮಾಡಿನ ಮೇಲೆ ಹರಡುತ್ತಿದ್ದರು.

ಕೆಥೊಲಿಕ್ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಆಚೆಮನೆಯ ದಂಪತಿಗೆ ಪೋರ್ಚುಗೀಸ್ ಬಾಲವಿದ್ದ ಉದ್ದುದ್ದದ ಹೆಸರುಗಳಿದ್ದವು ಎಂದು ನಮಗೆ ಗೊತ್ತಾದದ್ದು ಒಮ್ಮೆ ಅವರ ಮನಿಯಾರ್ಡರು ನಮ್ಮ ಮನೆಯ ಮೆಟ್ಟಿಲು ಹತ್ತಿದಾಗ. ಪೊರ್ಬುಗಳು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ವರ್ಷವಿಡೀ ಲೆಕ್ಕ ಬರೆಯುವ ಮನುಷ್ಯನಿಗೆ ಹಬ್ಬವೂ ಒಂದು ಬಾಬತ್ತೇ. ನತಾಲ್, ಅಂದರೆ ಕ್ರಿಸ್ಮಸ್, ಹತ್ತಿರ ಬಂತೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಮೈದಾಕ್ಕೆ ಇಷ್ಟು, ಸಕ್ಕರೆಗೆ ಇಷ್ಟು, ಮಕ್ಕಳ ಬಟ್ಟೆಗೆ ಇಷ್ಟು, ಇಗರ್ಜಿಯ ವಂತಿಗೆಗೆ ಇಷ್ಟು ಎಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು, ಅದನ್ನು ನಮ್ಮ ಜಗಲಿಗೆ ತಂದು ಅಪ್ಪನಿಗೆ ತೋರಿಸುತ್ತಿದ್ದರು. “ನೋಡಿ ರಾಯರೆ, ದೇವರು ಹುಟ್ಟಿದ್ದು ದನದ ಹಟ್ಟಿಯಲ್ಲಿ. ಒಂದು ಪೈಸೆ ಖರ್ಚಿಲ್ಲ. ಬಿಲ್ಲು ಮಾತ್ರ ನನ್ನ ಹೆಸರಿಗೆ” ಎಂಬುದು ಅವರ ವಾರ್ಷಿಕ ಅಳಲು. ಅಪ್ಪ ಚೌತಿಯ ಖರ್ಚನ್ನು ನೆನೆದು ಅವರಿಗೆ ಸಮಾಧಾನ ಹೇಳುತ್ತಿದ್ದರು. ಇಬ್ಬರೂ ದೇವರುಗಳ ಬಗ್ಗೆ ಸ್ವಲ್ಪ ಹೊತ್ತು ಮೌನವಾಗಿ ಅಸಮಾಧಾನಪಟ್ಟು ಎದ್ದು ಹೋಗುತ್ತಿದ್ದರು.

ಆದರೆ ಗೋದಲಿಯ ವಿಷಯ ಬಂದರೆ ಈ ಗುಮಾಸ್ತರು ಬೇರೆಯೇ ಮನುಷ್ಯ. ಹಬ್ಬಕ್ಕೆ ಎರಡು ವಾರ ಇರುವಾಗಲೇ ಬಿಸ್ಕತ್ ಡಬ್ಬಿಗಳ ಮುಚ್ಚಳದಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಿದ್ದರು. ಮೊಳಕೆ ಬಂದು ಹಸಿರು ಮೇಲೆದ್ದಾಗ ಅದು ಬೆತ್ಲೆಹೇಮಿನ ಹುಲ್ಲುಗಾವಲು. ಗುಡ್ಡಕ್ಕೆ ಮುರಕಲ್ಲಿನ ತುಂಡು, ದಾರಿಗೆ ಕಾರ್ಖಾನೆಯ ಹಂಚಿನ ಪುಡಿ, ಬಾಲಯೇಸುವಿನ ಹಾಸಿಗೆಗೆ ನಮ್ಮ ಹಟ್ಟಿಯ ಬೈಹುಲ್ಲು. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಜೀವಂತ ಎತ್ತು, ಕತ್ತೆಗಳನ್ನೇ ತಂದು ನಿಲ್ಲಿಸಿ ಗೋದಲಿ ಮಾಡಿದ್ದನಂತೆ. ಪಾದ್ರಿಗಳ ಪ್ರವಚನದಲ್ಲಿ ಇದನ್ನು ಕೇಳಿಬಂದ ಪೊರ್ಬುಗಳು ನಮ್ಮ ಹಟ್ಟಿಯ ಕಡೆ ಆಸೆಯಿಂದ ನೋಡಿದ್ದುಂಟು. ಅಜ್ಜಿ ಒಪ್ಪಲಿಲ್ಲ. ಕಪಿಲೆ ಆಗ ತುಂಬುಗಬ್ಬ.

ಅವರ ಬೊಂಬೆಗಳನ್ನು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಅಂಗಡಿಗಳಲ್ಲಿ, ಚೌಕಾಸಿ ಎಲ್ಲಿ ಗೆದ್ದಿತೋ ಅಲ್ಲಿ ಕೊಂಡದ್ದು. ಹಾಗಾಗಿ ಕುರಿ ದನಕ್ಕಿಂತ ದೊಡ್ಡದು, ಜೋಸೆಫನಿಗಿಂತ ಕುರುಬ ದೊಡ್ಡವನು. ನಕ್ಷತ್ರವನ್ನು ಹಿಂಬಾಲಿಸಿ ಬಂದ ಮೂವರು ಜೋಯಿಸರಲ್ಲಿ ಒಬ್ಬ ಬೆಕ್ಕಿನ ಕಾಲಿಗೆ ಸಿಕ್ಕಿ ಒಡೆದುಹೋದ. ಹೊಸಬನಿಗೆ ಕ್ಯಾಲೆಂಡರಿನ ಬೆನ್ನಿನಲ್ಲಿ ಜಾಗವಿರಲಿಲ್ಲ. ಪೊರ್ಬುಗಳು ನಮ್ಮ ಶೋಕೇಸಿನ ಮುಂದೆ ಸ್ವಲ್ಪ ಹೊತ್ತು ನಿಂತು, “ಎರಡು ದಿನಕ್ಕೆ ಕೊಡಿ ರಾಯರೆ” ಎಂದು ಯಕ್ಷಗಾನದ ರಾಜನ ಬೊಂಬೆಯನ್ನು ಎತ್ತಿಕೊಂಡು ಹೋದರು. ಅವನ ಕಿರೀಟ ಹಟ್ಟಿಯ ಮಾಡಿಗಿಂತ ಎತ್ತರ. ಒಳಗೆ ಹಿಡಿಸದೆ ಹೊರಗೇ ನಿಂತ, ಎದೆ ಮುಂದೆ ಮಾಡಿ, ಒಂದು ಕೈ ಎತ್ತಿ, ಈಗಲೇ ಅರ್ಥ ಹೇಳಲು ಶುರುಮಾಡಿಯಾನು ಎಂಬ ಭಂಗಿಯಲ್ಲಿ. ಮನೆ ಮನೆಗೆ ಬಂದ ಪಾದ್ರಿಗಳು ಅವನನ್ನು ತುಂಬ ಹೊತ್ತು ನೋಡಿದರಂತೆ.

“ಜೋಯಿಸರು ಮೂಡಣ ದೇಶದಿಂದ ಬಂದವರಲ್ಲವಾ? ಇವನು ಎಲ್ಲಿಯವನು?”

“ತೆಂಕಿನವನು, ಫಾದರ್. ತೆಂಕುತಿಟ್ಟು” ಎಂದರಂತೆ ಪೊರ್ಬುಗಳು.

ಆ ಎರಡು ದಿನ ಮುಗಿಯಲೇ ಇಲ್ಲ. ವರ್ಷ ವರ್ಷವೂ ಅವನು ಅಲ್ಲಿ ನಿಂತ. ನಾವೂ ಕೇಳಲಿಲ್ಲ. ನಮ್ಮ ಮನೆಯಿಂದ ಒಬ್ಬರಾದರೂ ಆ ಕಥೆಯೊಳಗೆ ಇದ್ದಾರೆಂಬ ಹೆಮ್ಮೆ ನನಗಿತ್ತು.

ಈಗ ಯೋಚಿಸಿದರೆ, ಆ ಓಣಿಯಲ್ಲಿ ಕ್ರಿಸ್ಮಸ್ಸನ್ನು ಪೂರ್ತಿಯಾಗಿ ಅನುಭವಿಸಿದವನು ನಾನೊಬ್ಬನೇ ಇರಬೇಕು. ನಮ್ಮ ಹಬ್ಬಗಳಲ್ಲಿ ನನಗೆ ಕೆಲಸವಿತ್ತು. ದೀಪಾವಳಿಯೆಂದರೆ ನಸುಕಿನಲ್ಲಿ ಎಬ್ಬಿಸಿ ಎಣ್ಣೆ ತಿಕ್ಕಿ ಬಿಸಿನೀರು ಸುರಿಯುವ ಶಿಕ್ಷೆ. ಚೌತಿಯೆಂದರೆ ಪೂಜೆ ಮುಗಿಯುವ ತನಕ ಉಪವಾಸ. ಪುರೋಹಿತರು ಮೂರನೆಯ ಮನೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದಾಗ ಕಡುಬಿನ ಪರಿಮಳವೂ ದ್ರೋಹ ಅನ್ನಿಸುತ್ತಿತ್ತು. ಯಾರ ಕಾಲಿಗೆ ಬೀಳಬೇಕು, ಯಾವ ಮಾವನಿಗೆ ಏನೆಂದು ಉತ್ತರಿಸಬೇಕು ಎಂಬುದೆಲ್ಲ ಹಬ್ಬದ ಜತೆಗೇ ಬರುತ್ತಿದ್ದವು. ಆಚೆಮನೆಯ ಹಬ್ಬದಲ್ಲಿ ಅಂಥದ್ದೇನಿಲ್ಲ. ಅಲ್ಲಿಯ ಮಕ್ಕಳು ಪಾಪನಿವೇದನೆಗೆ ಹೋಗಬೇಕು, ಚುಚ್ಚುವ ಹೊಸ ಬಟ್ಟೆ ಹಾಕಿಕೊಂಡು ನಡುರಾತ್ರಿಯ ಬಲಿಪೂಜೆಯಲ್ಲಿ ತೂಕಡಿಸದೆ ನಿಲ್ಲಬೇಕು. ನಾನು ಮನೆಯಲ್ಲಿ ಮಲಗಿ, ನಿದ್ದೆಗಣ್ಣಿನಲ್ಲಿ ಇಗರ್ಜಿಯ ಗಂಟೆ ಕೇಳಿ, ಬೆಳಿಗ್ಗೆ ತಟ್ಟೆ ಬರುವುದನ್ನು ಕಾಯಬೇಕು. ಇಷ್ಟೇ.

ತಟ್ಟೆಯೆಂದರೆ ಕುಸ್ವಾರಿನ ತಟ್ಟೆ. ಅದರ ತಯಾರಿ ಡಿಸೆಂಬರಿನ ಮೊದಲ ವಾರದಿಂದಲೇ ಶುರು. ಕಿಡಿಯೊ ಮಾಡುವ ದಿನ ಓಣಿಯ ಮಕ್ಕಳಿಗೆಲ್ಲ ಕರೆ ಬರುತ್ತಿತ್ತು. ಗೇಣುದ್ದದ ಹೊಸ ಬಾಚಣಿಗೆಗಳನ್ನು ಕೊಟ್ಟು, ಅದರ ಹಲ್ಲುಗಳ ಮೇಲೆ ಗೋಲಿಗಾತ್ರದ ಹಿಟ್ಟನ್ನು ಒತ್ತಿ ಸುರುಳಿ ಸುತ್ತುವುದನ್ನು ಬಾಯಮ್ಮ ಕಲಿಸುತ್ತಿದ್ದರು. ನನ್ನ ಕಿಡಿಯೊಗಳು ಸುರುಳಿಯ ಬದಲು ಚಪ್ಪಟೆಯಾಗಿ ಬರುತ್ತಿದ್ದವು. “ಇರಲಿ, ಇವು ಮಲಗಿದ ಕಿಡಿಯೊ” ಎಂದು ಅವನ್ನೂ ಎಣ್ಣೆಗೆ ಬಿಡುತ್ತಿದ್ದರು. ಆಮೇಲೆ ನೆವ್ರ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ. ಕೊನೆಗೆ ಕೊಕ್ಕಿಸಾಂ. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಕಾದ ಎಣ್ಣೆಯಲ್ಲಿ ಅದ್ದಿ, ಅಕ್ಕಿಹಿಟ್ಟು, ತೆಂಗಿನಹಾಲು ಕಲಸಿದ ಹಿಟ್ಟಿನಲ್ಲಿ ಮುಕ್ಕಾಲು ಮುಳುಗಿಸಿ, ಮತ್ತೆ ಎಣ್ಣೆಗಿಟ್ಟು ಮೆಲ್ಲಗೆ ಕುಲುಕಬೇಕು; ಹೂವು ತಾನಾಗಿ ಕಳಚಿ ತೇಲುತ್ತದೆ. ಅಚ್ಚು ಸರಿಯಾಗಿ ಕಾದಿರದಿದ್ದರೆ ಕಳಚುವುದಿಲ್ಲ, ಎಷ್ಟು ಕುಲುಕಿದರೂ ಇಲ್ಲ. ಆಗ ಬಾಯಮ್ಮನ ಬಾಯಿಂದ ಹಬ್ಬಕ್ಕೆ ತಕ್ಕದ್ದಲ್ಲದ ಕೊಂಕಣಿ ಮಾತುಗಳು ಬರುತ್ತಿದ್ದವು.

ಸಂಜೆ ಹೊತ್ತಿಗೆ ಅವರು ಸೊಂಟಕ್ಕೆ ಕೈಕೊಟ್ಟು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಈಚೆಯಿಂದ ಅಮ್ಮ. “ಒಮ್ಮೆ ಈ ನತಾಲ್ ಮುಗಿದರೆ ಸಾಕು ನನಗೆ” ಎಂದು ಬಾಯಮ್ಮ. ಅಮ್ಮ ಇದೇ ಮಾತನ್ನು ಚೌತಿಯ ಮುಂಚಿನ ದಿನ ಇದೇ ಬೇಲಿಯ ಮೇಲೆ ಕೈಯಿಟ್ಟು ಹೇಳಿದ್ದನ್ನು ನಾನು ಕೇಳಿದ್ದೆ. ಹೊರಗಿನವರು ಕಣ್ಣರಳಿಸಿ ನೋಡುವ ಹಬ್ಬವನ್ನು ಒಳಗಿನಿಂದ ಹೊರುವವರು ಅದು ಮುಗಿಯುವುದನ್ನೇ ಕಾಯುತ್ತಿರುತ್ತಾರೆ ಎಂಬುದು ಆಗ ನನಗೆ ಬಹಳ ಅನ್ಯಾಯವಾಗಿ ಕಂಡಿತ್ತು. ಯಾರಿಗೆ ಅನ್ಯಾಯ ಎಂಬುದನ್ನು ಯೋಚಿಸುವ ವಯಸ್ಸಲ್ಲ ಅದು.

25ರ ಬೆಳಿಗ್ಗೆ ತಟ್ಟೆ ಬರುತ್ತಿತ್ತು, ಮೇಲೆ ಕ್ರೋಶಾದ ಬಿಳಿ ಬಟ್ಟೆ ಮುಚ್ಚಿಕೊಂಡು. ಮನೆಯೊಳಗೆ ಬರುತ್ತಿರಲಿಲ್ಲ, ಅದನ್ನೂ ಹೇಳಬೇಕು. ನಮ್ಮದು ಮಡಿಯ ಮನೆ. ತಟ್ಟೆಯ ಪ್ರಯಾಣ ಜಗಲಿಯ ದಳಿಯ ಮೇಲೆ ಮುಗಿಯುತ್ತಿತ್ತು, ಬಾಯಮ್ಮನ ಪ್ರಯಾಣವೂ. ಅದನ್ನು ಅವರು ಯಾವತ್ತೂ ಎತ್ತಿ ಆಡಲಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಅಜ್ಜಿಯ ಪ್ರಶ್ನೆಗೆ ಕಾಯುತ್ತಿದ್ದರು.

“ಬಾಯಮ್ಮ, ಮೊಟ್ಟೆ ಇಲ್ಲವಷ್ಟೆ?”

“ಇಲ್ಲ ಅಮ್ಮ. ಮೊಟ್ಟೆ ಹಾಕುವ ಮುಂಚೆ ನಿಮ್ಮ ಪಾಲು ತೆಗೆದದ್ದು. ಎಣ್ಣೆಯೂ ಹೊಸತು.”

ಮೊದಲ ಘಾಣ ನಮ್ಮದು. ಅದು ಮುಗಿದ ಮೇಲೆ ಉಳಿದ ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ ಮನೆಯವರಿಗೆ, ನೆಂಟರಿಗೆ. ಈ ಪ್ರಶ್ನೋತ್ತರ ವರ್ಷ ವರ್ಷವೂ ಒಂದಕ್ಷರ ಬದಲಾಗದೆ ನಡೆಯುತ್ತಿತ್ತು. ಉತ್ತರ ಅಜ್ಜಿಗೆ ಗೊತ್ತಿತ್ತು, ಪ್ರಶ್ನೆ ಬಾಯಮ್ಮನಿಗೆ ಗೊತ್ತಿತ್ತು; ಆದರೂ ಅದಾಗದೆ ಬಟ್ಟೆ ಸರಿಯುವಂತಿರಲಿಲ್ಲ. ಅಜ್ಜಿ ತಾವು ತಿನ್ನುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದರು. ಕೊಕ್ಕಿಸಾಂನ ಒಂದು ಎಸಳನ್ನು ಕಿವಿಯ ಹತ್ತಿರ ಹಿಡಿದು ಮುರಿದು, “ಗರಿಗರಿ ಉಂಟು, ಈ ಸಲ ಪಾಕ ಹಿಡಿದಿದೆ” ಎಂದು ತೀರ್ಪು ಕೊಡುತ್ತಿದ್ದರು. ಮುರಿದ ಎಸಳು ಎಲ್ಲಿ ಹೋಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪರೀಕ್ಷೆಯ ಕೆಲಸ ಜೋರಾಗುತ್ತಿತ್ತು.

ತಟ್ಟೆ ಖಾಲಿ ಹೋಗಬಾರದು. ಅದರಲ್ಲಿ ಕದಳಿ ಬಾಳೆಹಣ್ಣು ಇಟ್ಟು, ಕ್ರೋಶಾದ ಬಟ್ಟೆಯನ್ನು ಮಡಚಿ ಮೇಲಿಟ್ಟು, ನನ್ನ ಕೈಯಲ್ಲಿ ಕಳಿಸುತ್ತಿದ್ದರು.

ಓಣಿಯ ತುದಿಯಲ್ಲಿ ಕನ್ನಡ ಪಂಡಿತರಾದ ಮೇಷ್ಟ್ರು ಇದ್ದರು. ಅವರು ಜೆಪ್ಪುವಿನ ಕಾಂತಿ ಚರ್ಚಿನವರು, ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಮನೆತನ. ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಂಚಿನ ಕಾರ್ಖಾನೆ 1865ರದ್ದು. ಕಿಟೆಲರ ಕನ್ನಡ ನಿಘಂಟು 1894ರದ್ದು. ಈ ಇಸವಿಗಳನ್ನು ಮೇಷ್ಟ್ರು ತಮ್ಮ ಮನೆಯವರ ಹುಟ್ಟಿದ ದಿನಗಳ ಜತೆಗೇ ಹೇಳುತ್ತಿದ್ದರು. ಅವರ ಕ್ರಿಸ್ಮಸ್ಸಿಗೆ ಸದ್ದಿಲ್ಲ. ಬಾಟಲಿಯ ವೈನಿಲ್ಲ, ಗೋದಲಿಯಿಲ್ಲ. ಮೂಲೆಯಲ್ಲೊಂದು ಗಾಳಿಮರದ ಟೊಂಗೆ, ಅದಕ್ಕೆ ನಾಲ್ಕು ಬಣ್ಣದ ಕಾಗದ. ಸಂಜೆ ಹಾರ್ಮೋನಿಯಮ್ ಮುಂದಿಟ್ಟುಕೊಂಡು ಕನ್ನಡದ ಕೀರ್ತನೆ. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬಲ್ಲಿ 1818ರ ಕ್ರಿಸ್ಮಸ್ ಮುನ್ನಾದಿನ ಗಿಟಾರಿನ ಜತೆ ಮೊದಲು ಹಾಡಿದ ಆ ಪ್ರಸಿದ್ಧ ಶಾಂತರಾತ್ರಿಯ ಹಾಡನ್ನು ಕನ್ನಡದಲ್ಲಿ ಹಾಡುವಾಗ ಮೇಷ್ಟ್ರ ಹುಬ್ಬು ಗಂಟಾಗುತ್ತಿತ್ತು. ಭಕ್ತಿಯಿಂದಲ್ಲ, ಒಂದು ಕಡೆ ಮಾತ್ರೆ ಹೆಚ್ಚಾಗಿದೆ ಎಂದು.

ಹೋದವರಿಗೆಲ್ಲ ಒಂದು ತುಂಡು ಕೇಕು, ಒಂದು ಚಿಟಿಕೆ ಚರಿತ್ರೆ. “1843ರಲ್ಲಿ ಲಂಡನ್ನಿನಲ್ಲಿ ಏನಾಯಿತು ಗೊತ್ತಾ? ಡಿಕನ್ಸ್ ತನ್ನ ಕ್ರಿಸ್ಮಸ್ ಕಥೆ ಪ್ರಕಟಿಸಿದ. ಅದೇ ವರ್ಷ ಹೆನ್ರಿ ಕೋಲ್ ಎಂಬವನು ಮೊದಲ ಕ್ರಿಸ್ಮಸ್ ಕಾರ್ಡು ಅಚ್ಚುಹಾಕಿಸಿದ. ಮಂಗಳೂರಿನಲ್ಲಿ ಏನಾಯಿತು?” ಎಂದು ನಮ್ಮ ಮುಖ ನೋಡುತ್ತಿದ್ದರು. ಕೇಕು ಬಾಯಲ್ಲಿದ್ದವರಿಗೆ ಉತ್ತರ ಹೇಳಬೇಕಿಲ್ಲವೆಂಬ ಅನುಕೂಲವಿತ್ತು. “ಮೋಗ್ಲಿಂಗರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದರು. ಕನ್ನಡದ ಮೊದಲ ಪತ್ರಿಕೆ!” ಆಚೆಮನೆಯ ಗೋದಲಿಯ ಸುದ್ದಿ ಬಂದರೆ, “ನಾವು ಅಷ್ಟೆಲ್ಲ ಗಲಾಟೆ ಮಾಡುವವರಲ್ಲ” ಎನ್ನುತ್ತಿದ್ದರು. ಹೇಳುವಾಗ ಸ್ವಲ್ಪ ಹೆಮ್ಮೆ, ಒಳಗಿನಿಂದ ಮೇಷ್ಟ್ರ ಹೆಂಡತಿ, “ಈ ಸಲ ಅವರ ನಕ್ಷತ್ರ ಯಾವ ಬಣ್ಣದ್ದು ಮಗಾ?” ಎಂದು ಕೇಳುವ ದನಿಯಲ್ಲಿ ಹೆಮ್ಮೆಗಿಂತ ಬೇರೆ ಏನೋ.

ಇನ್ನೊಬ್ಬರು ಹಂಪನಕಟ್ಟೆಯ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುವ ಕೆಲಸದವರು. ಅವರೂ ಕ್ರೈಸ್ತರೇ, ಆದರೆ ಕ್ರಿಸ್ಮಸ್ ಆಚರಿಸದ ಒಂದು ಸಣ್ಣ ಪ್ರಾರ್ಥನಾ ಸಭೆಗೆ ಸೇರಿದವರು. “ಬೈಬಲಿನಲ್ಲಿ ತಾರೀಕು ಎಲ್ಲಿ ಉಂಟು, ತೋರಿಸಿ” ಎಂಬುದು ಅವರ ಪ್ರಶ್ನೆ. ಎಲ್ಲಿಯೂ ಇಲ್ಲ. ಡಿಸೆಂಬರ್ 25ರ ಹಬ್ಬ ನಮಗೆ ಮೊದಲು ಕಾಣಸಿಗುವುದು ರೋಮಿನ ನಾಲ್ಕನೆಯ ಶತಮಾನದ ಪಂಚಾಂಗದಲ್ಲಿ. ತಮಾಷೆಯೆಂದರೆ ಊರಿನ ಅರ್ಧ ಕ್ರಿಸ್ಮಸ್ ಹಾದುಹೋಗುತ್ತಿದ್ದದ್ದು ಇವರ ಬೆರಳುಗಳಲ್ಲೇ. ಇಗರ್ಜಿಯ ಕರೆಯೋಲೆ, ಅಂಗಡಿಯ ಶುಭಾಶಯ, ಪತ್ರಿಕೆಯ ವಿಶೇಷಾಂಕ ಎಲ್ಲವನ್ನೂ ತಲೆಕೆಳಗಿನ ಅಕ್ಷರಗಳಲ್ಲಿ ಜೋಡಿಸಿ, ಒಂದು ತಪ್ಪೂ ಉಳಿಯದಂತೆ ತಿದ್ದಿ, 25ರಂದು ಎಂದಿನಂತೆ ಬುತ್ತಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದರು. ಮಾಲೀಕರು ರಜೆ ಕೊಟ್ಟರೂ ಹೋಗುತ್ತಿದ್ದರು. ಪ್ರೆಸ್ಸಿನ ಕೀಲಿಕೈ ಅವರ ಹತ್ತಿರವೇ ಇತ್ತು.

ನಾನು ಅವರನ್ನು ಬಹಳ ವರ್ಷ ಲೋಕದಲ್ಲೇ ಒಬ್ಬಂಟಿ ವಿಚಿತ್ರ ಮನುಷ್ಯ ಎಂದುಕೊಂಡಿದ್ದೆ. ಆಮೇಲೆ ಪುಸ್ತಕಗಳಿಂದ ತಿಳಿಯಿತು, ಅವರ ಹಿಂದೆ ದೊಡ್ಡ ಪರಂಪರೆಯೇ ಇದೆ ಎಂದು. ಪ್ಯೂರಿಟನ್ನರ ಪ್ರಾಬಲ್ಯದ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದುಮಾಡಿತ್ತು. ಆ ವರ್ಷ ಕ್ಯಾಂಟರ್ಬರಿಯಲ್ಲಿ 25ರಂದು ಅಂಗಡಿ ತೆರೆದವರ ಮೇಲೆ ಜನ ಬಿದ್ದು ದೊಂಬಿಯಾಯಿತು. ಕಡಲಾಚೆ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರ ತನಕ, ಆ ದಿನ ಕೆಲಸ ಬಿಟ್ಟು ಹಬ್ಬ ಮಾಡಿದವರಿಗೆ ಐದು ಶಿಲಿಂಗ್ ದಂಡ. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ಸಿಗೆ ಸಾರ್ವಜನಿಕ ರಜೆ ಬಂದದ್ದು 1958ರಲ್ಲಿ, ಅಂದರೆ ಜೆಪ್ಪುವಿಗೆ ಅದು ಬಂದು ಎಷ್ಟೋ ಕಾಲವಾದ ಮೇಲೆ. ನಮ್ಮ ಪೊರ್ಬುಗಳು ಆ ಮ್ಯಾಸಚೂಸೆಟ್ಸಿನಲ್ಲಿದ್ದಿದ್ದರೆ ಗೋದಲಿಯನ್ನು ಬಿಡುತ್ತಿರಲಿಲ್ಲ. ಐದು ಶಿಲಿಂಗನ್ನು ಮೈದಾದ ಕೆಳಗೆ ಬರೆದುಕೊಳ್ಳುತ್ತಿದ್ದರು.

ಪ್ರೆಸ್ಸಿನವರಿಗೆ ಒಬ್ಬಳು ಸಣ್ಣ ಮಗಳಿದ್ದಳು. ಅವಳಿಗೆ ಬೈಬಲಿನಲ್ಲಿ ತಾರೀಕು ಇಲ್ಲದ್ದು ದೊಡ್ಡ ವಿಷಯವಾಗಿರಲಿಲ್ಲ. ಹಬ್ಬದ ಮರುದಿನ, ಕತ್ತಲಾಗುವ ಹೊತ್ತಿಗೆ, ಅವರು ಅವಳ ಕೈಹಿಡಿದು ಪೊರ್ಬುಗಳ ಗೇಟಿನ ತನಕ ಬರುತ್ತಿದ್ದರು. “ನೋಡಿ ಬಾ. ಬೇಗ” ಎಂದು ಅವಳನ್ನು ಒಳಗೆ ಬಿಟ್ಟು, ತಾವು ಗೋದಲಿಗೆ ಬೆನ್ನುಹಾಕಿ, ರಸ್ತೆಯ ಕಡೆ ಮುಖಮಾಡಿ ನಿಲ್ಲುತ್ತಿದ್ದರು. ಅವಳು ಕುರಿಗಳನ್ನು ಎಣಿಸಿ, ಹತ್ತಿಯ ಹಿಮ ಮುಟ್ಟಿ, ಕಿರೀಟದ ರಾಜನನ್ನು ಮಾತಾಡಿಸಿ, ಬಾಯಮ್ಮ ಕೊಟ್ಟ ಗುಳಿಯೊಗಳನ್ನು ಅಲ್ಲೇ ತಿಂದು ಮುಗಿಸುವ ತನಕ ಅವರು ಕೈಗಡಿಯಾರವನ್ನು ಮತ್ತೆ ಮತ್ತೆ ನೋಡುತ್ತಿದ್ದರೇ ಹೊರತು ಒಮ್ಮೆಯೂ ಅವಳನ್ನು ಕೂಗಿ ಕರೆದದ್ದು ನಾನು ಕೇಳಲಿಲ್ಲ. ಪೊರ್ಬುಗಳೂ ಅವರನ್ನು ಒಳಗೆ ಕರೆಯುತ್ತಿರಲಿಲ್ಲ. ಗೇಟಿನ ಈಚೆಯಿಂದ ಮಳೆ, ರಾಜಕೀಯ, ಕಾಗದದ ಕ್ರಯ ಮಾತಾಡುತ್ತಿದ್ದರು. ಆ ಗೋದಲಿಯ ಲೈಟು ಮಾತ್ರ, ಹುಡುಗಿ ಬಂದ ದಿನ, ಕರೆಂಟು ಬಿಲ್ಲಿನ ಚಿಂತೆಯಿಲ್ಲದೆ ತಡವಾಗಿ ಆರುತ್ತಿತ್ತು.

ಒಂದು ನವೆಂಬರಿನ ಕೊನೆಗೆ ಪೊರ್ಬುಗಳು ತೀರಿಕೊಂಡರು. ಕಾರ್ಖಾನೆಯಿಂದ ಬಂದು ಚಹಾ ಕೇಳಿ, ಚಹಾ ಬರುವಷ್ಟರಲ್ಲಿ ಇಲ್ಲ. ಆ ವರ್ಷ ಯಾರೂ ರಾಗಿ ಚೆಲ್ಲಲಿಲ್ಲ, ಮಾವಿನ ಮರಕ್ಕೆ ನಕ್ಷತ್ರ ಏರಲಿಲ್ಲ. ಸಾವಾದ ವರ್ಷ ಆ ಮನೆಯಲ್ಲಿ ಕುಸ್ವಾರ್ ಮಾಡುವಂತಿಲ್ಲ ಎಂದು ಅಮ್ಮ ಹೇಳಿದರು. ಅಜ್ಜಿ ಏನೂ ಮಾತಾಡಲಿಲ್ಲ. 23ರ ಮಧ್ಯಾಹ್ನ, ಯಾವ ಹಬ್ಬವೂ ಇಲ್ಲದ ದಿನ, ನಮ್ಮ ಒಲೆಯ ಮೇಲೆ ಬಾಣಲೆ ಏರಿತು. ಚಕ್ಕುಲಿ, ಕೋಡುಬಳೆ, ಎಳ್ಳುಂಡೆ. ಅಮ್ಮ ಅಚ್ಚರಿಯಿಂದ ನೋಡಿದಾಗ, “ಆಚೆಮನೆಯಿಂದ ಎಣ್ಣೆ ಕಾಯುವ ಪರಿಮಳ ಬರುವುದಿಲ್ಲ. ಮಕ್ಕಳಿರುವ ಮನೆ” ಎಂದರು. ಅಷ್ಟೇ.

ಕ್ರಿಸ್ಮಸ್ ದಿನ ಬೆಳಿಗ್ಗೆ ಅಜ್ಜಿ ತಟ್ಟೆ ಹಿಡಿದು ತಾವೇ ಹೊರಟರು. ಅವರು ಆ ಮನೆಯ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಚ್ಚಲು ಕ್ರೋಶಾದ ಬಟ್ಟೆ ನಮ್ಮಲ್ಲಿ ಇರಲಿಲ್ಲ, ಬಾಳೆಲೆ ಮುಚ್ಚಿದ್ದರು. ಬಾಯಮ್ಮ ಕಪ್ಪು ಸೀರೆಯಲ್ಲಿ ಬಾಗಿಲಿಗೆ ಬಂದು, ಎಲೆ ಸರಿಸಿ, ಒಳಗಿದ್ದುದನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಮುಖ ಎತ್ತದೆ ಕೇಳಿದರು:

“ಅಮ್ಮ, ಮೊಟ್ಟೆ ಇಲ್ಲವಷ್ಟೆ?”

ಅಜ್ಜಿ ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ. ಇಬ್ಬರೂ ಸೆರಗು ಹುಡುಕುತ್ತಿದ್ದರು. ಮೇಷ್ಟ್ರ ಮನೆಯಿಂದ ಆ ದಿನ ಇಡೀ ಕೇಕು ಬಂತು, ಚರಿತ್ರೆಯಿಲ್ಲದೆ. ಪ್ರೆಸ್ಸಿನವರು ಬಂದು ಮೊದಲ ಸಲ ಗೇಟು ದಾಟಿ ಜಗಲಿಯಲ್ಲಿ ಕುಳಿತರು, ಪ್ರಾರ್ಥನೆಯನ್ನೂ ಮಾಡಲಿಲ್ಲ, ಹೆಚ್ಚು ಮಾತಾಡಲೂ ಇಲ್ಲ. ಬುತ್ತಿ ಪಕ್ಕದಲ್ಲೇ ಇತ್ತು. ಆ ದಿನ ಅವರು ಕೆಲಸಕ್ಕೆ ಹೋದದ್ದು ತಡವಾಗಿ.

ಈಗ ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿ ಕ್ರಿಸ್ಮಸ್ ನವೆಂಬರಿನಲ್ಲೇ ಮಾಲುಗಳಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಮರ, ಕೆಂಪು ಟೋಪಿಯ ಸೇಲ್ಸ್ ಹುಡುಗರು, ಲಿಫ್ಟಿನಲ್ಲೂ ಬಿಡದ ಒಂದೇ ಹಾಡು. ನನ್ನ ಮಗಳಿಗೆ ಸಾಂತಾ ಕ್ಲಾಸ್ ಎಂದರೆ ಕೊರಿಯರ್ ಹುಡುಗರ ಮೇಲಧಿಕಾರಿ. ಹೆಂಡತಿಗೆ ಆ ದೀಪ, ಆ ಗದ್ದಲ ಇಷ್ಟ. ನನಗೆ ಕಿರಿಕಿರಿ, ಎಣ್ಣೆಯ ಪರಿಮಳವಿಲ್ಲದ ಹಬ್ಬ ಎಂದು. ಅವಳು ಕೇಳುವುದೂ ನ್ಯಾಯವೇ: “ನಿಮ್ಮದಲ್ಲದ ಹಬ್ಬ ಹೀಗೇ ಇರಬೇಕು ಎಂದು ಹೇಳಲು ನೀವು ಯಾರು?” ಹಳೆಯ ತಟ್ಟೆಯ ಹಕ್ಕುದಾರ ಎಂದು ಹೇಳಿದರೆ ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ.

ಕಳೆದ ವರ್ಷ ಕೆಳಗಿನ ಲಾಬಿಯಲ್ಲಿ ಕ್ರಿಸ್ಮಸ್ ಮರ ಇಡಬೇಕೇ ಎಂದು ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಮಹಾಯುದ್ಧವಾಯಿತು. ನಮ್ಮ ಸಂಸ್ಕೃತಿಗೆ ಧಕ್ಕೆ ಎಂದರು ಕೆಲವರು. ಮಕ್ಕಳ ಸಂತೋಷಕ್ಕೆ ಅಡ್ಡಿಯೇಕೆ ಎಂದರು ಕೆಲವರು. ಲೈಟಿನ ಕರೆಂಟು ಯಾರ ಮೇಂಟೆನೆನ್ಸಿನಿಂದ ಎಂದು ಕೇಳಿದವರಲ್ಲಿ ನನಗೆ ಪೊರ್ಬುಗಳ ಆತ್ಮ ಕಂಡಿತು. ಕಾರ್ಯದರ್ಶಿಗಳು, ಮರವನ್ನು ಸಂಕ್ರಾಂತಿಯ ತನಕ ಇಟ್ಟು ಕಬ್ಬನ್ನೂ ಅದಕ್ಕೇ ಒರಗಿಸಬಹುದು ಎಂಬ ಸರ್ವಸಮ್ಮತ ಸೂತ್ರ ತಂದು ಎರಡೂ ಕಡೆಯವರಿಂದ ಬೈಸಿಕೊಂಡರು. ಕೊನೆಗೆ ಯಾರಿಗೋ ನೆನಪಾಯಿತು, ನಮ್ಮ ಬ್ಲಾಕಿನಲ್ಲಿ ಒಂದು ಕ್ರೈಸ್ತ ಕುಟುಂಬ ಇದೆಯಲ್ಲ, ಅವರನ್ನೇ ಕೇಳೋಣ ಎಂದು. ಅವರ ಉತ್ತರ ಒಂದು ಸಾಲಿನದು: “ನಾವು ಇರುವುದಿಲ್ಲ, ಊರಿಗೆ ಹೋಗುತ್ತೇವೆ. ನೀವು ಹೇಗೆ ಬೇಕಾದರೂ ಮಾಡಿ.”

ನಾನೂ ಊರಿಗೆ ಹೋದೆ. ಓಣಿಯಲ್ಲಿ ಹಳೆಯ ಮನೆಗಳಲ್ಲಿ ಉಳಿದದ್ದು ಆಚೆಮನೆಯೊಂದೇ. ಮೇಷ್ಟ್ರ ಮನೆಯ ಜಾಗದಲ್ಲಿ ಫ್ಲಾಟುಗಳೆದ್ದಿವೆ, ಪ್ರೆಸ್ಸಿನವರ ಮಗಳು ಎಲ್ಲಿದ್ದಾಳೋ. ಬಾಯಮ್ಮನ ಕಿವಿ ಮಂದವಾಗಿದೆ, ಮೊಣಕಾಲು ಮಡಚುವುದಿಲ್ಲ. ನಾನು ಒಳಗೆ ಹೋದಾಗ ದುಬೈಯ ಮಗನ ಜತೆ ವಿಡಿಯೋ ಕಾಲ್ ನಡೆದಿತ್ತು. ಅಲ್ಲಿ ಆ ದಿನ ರಜೆಯಿಲ್ಲ. ಅವನು ಆಫೀಸಿನ ಮೆಟ್ಟಿಲ ಮೂಲೆಯಲ್ಲಿ ನಿಂತು, “ಕುಸ್ವಾರ್ ತೋರಿಸಿ ಮಮ್ಮಿ” ಎನ್ನುತ್ತಿದ್ದ. ಅವರು ಫೋನನ್ನು ಮೇಜಿನ ಕಡೆ ತಿರುಗಿಸಿದರು. ಹಳೆಯ ತಟ್ಟೆ, ಹಳದಿಗಟ್ಟಿದ ಕ್ರೋಶಾದ ಬಟ್ಟೆ, ಅದರ ಕೆಳಗೆ ಕಿಡಿಯೊ, ಗುಳಿಯೊ, ನೆವ್ರ್ಯೊ ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಮಲಗಿದ ಕಿಡಿಯೊ ಒಂದೂ ಇಲ್ಲ. ಬೇಕರಿಯ ರಟ್ಟಿನ ಪೆಟ್ಟಿಗೆಯನ್ನು ಅವರು ಕಾಲಿನಿಂದ ಮೆಲ್ಲಗೆ ಮೇಜಿನಡಿಗೆ ತಳ್ಳುತ್ತಿದ್ದದ್ದು ದುಬೈಗೆ ಕಾಣಲಿಲ್ಲ. “ಇಷ್ಟೆಲ್ಲ ಯಾಕೆ ಮಾಡಿದ್ದು, ಸೊಂಟ ನೋವು ಅಂತೀರಿ” ಎಂದು ಮಗ ಗದರಿಸಿದ, ಸಂತೋಷದಿಂದ.

ಗೋದಲಿ ಸಣ್ಣದಾಗಿತ್ತು, ಸ್ಟೂಲಿನ ಮೇಲೆ ಹಿಡಿಸುವಷ್ಟು. ರಾಜ ಇದ್ದ, ಕಿರೀಟದ ತುದಿ ಮುಕ್ಕಾಗಿ. “ನಿಮ್ಮದು. ಕೊಂಡುಹೋಗ್ತೀಯಾ?” ಎಂದರು. ಎರಡು ದಿನ ಇನ್ನೂ ಆಗಲಿಲ್ಲ ಎಂದೆ.

ಫೋನು ಕೆಳಗಿಟ್ಟ ಮೇಲೆ ಅವರು ಕಪಾಟಿನಿಂದ ಒಂದು ಹಳೆಯ ಹಾಲಿನಪುಡಿಯ ಡಬ್ಬಿ ತೆಗೆದರು. ಒಳಗೆ ಕೊಕ್ಕಿಸಾಂ, ಕೆಲವು ಎಸಳು ಮುರಿದವು, ಕೆಲವು ಹೆಚ್ಚು ಕೆಂಪಾದವು. ಇವು ಬೇಕರಿಯವಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

“ತಿನ್ನು ಮಗಾ, ಹೆದರಬೇಡ. ಮೊಟ್ಟೆ ಹಾಕುವ ಮುಂಚೆ ತೆಗೆದದ್ದು.”

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ನಾನು ಬೆಂಗಳೂರಿನಲ್ಲಿ ಬೆಳಿಗ್ಗೆ ಆಮ್ಲೆಟ್ ತಿಂದು ಆಫೀಸಿಗೆ ಹೋಗುವವನು. ಈ ಮನೆಯ ಮೊಟ್ಟೆ ಹಾಕಿದ ಕೊಕ್ಕಿಸಾಂ ಹೇಗಿರುತ್ತದೆ ಎಂದು ಒಮ್ಮೆಯಾದರೂ ನೋಡಬೇಕೆಂಬ ಆಸೆ ಚಿಕ್ಕಂದಿನಿಂದ ಇತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಈಗ ಸ್ವಲ್ಪ ಸುತ್ತುಬಳಸಿ, ಕಿವಿಯ ಹತ್ತಿರ ಬಾಗಿ ಜೋರಾಗಿ ಕೇಳಿದೆ:

“ಹಾಗಾದರೆ ಮೊಟ್ಟೆ ಹಾಕಿದ್ದು ಎಲ್ಲಿ ಬಾಯಮ್ಮ?”

“ಅದು ಮಾಡಲಿಲ್ಲ ಮಗಾ. ಯಾರಿಗೆ ಅಂತ ಮಾಡುವುದು?” ಎಂದು ಡಬ್ಬಿಯನ್ನು ನನ್ನ ಕಡೆ ಸರಿಸಿದರು. “ನಿಮ್ಮ ಪಾಲು ತೆಗೆಯುವಷ್ಟರಲ್ಲಿ ಹಿಟ್ಟೇ ಮುಗಿಯಿತು.”